ದುಡ್ಡು ಕೊಟ್ಟ ಮಾತ್ರಕ್ಕೆ ಚಿತ್ರ ಚೆಂದವಾಗುತ್ತದೆಯೇ?

ಕಳೆದ ವರ್ಷ ಗೆಳೆಯರೊಬ್ಬರ ಕಥಾಸಂಕಲನಕ್ಕೆ ಮುಖಪುಟ ಮಾಡಿಕೊಡಲು ಒಪ್ಪಿಕೊಂಡೆ. ಉಚಿತವಾಗಿ ಸಿಗುವ ಎಐ ಆಪ್ ಒಂದರಲ್ಲಿ ‘ಗದ್ದೆಯ ಬದುವಿನ ಮೇಲೆ ಕೂತ ಅಜ್ಜಿ, ಹಿಂದೆ ಮಳೆಮೋಡ’ ಎಂದು ಬರೆದು ಚಿತ್ರ ತೆಗೆದೆ. ಮೊಬೈಲಿನಲ್ಲಿ ನೋಡಿದರೆ ಕಣ್ಣಿಗೆ ಹಬ್ಬ. ಪ್ರೆಸ್ಸಿನವರು ಪ್ರೂಫ್ ತೆಗೆದು ಕೈಗಿಟ್ಟಾಗ ಎದೆ ಧಸಕ್ಕೆಂದಿತು. ಅಜ್ಜಿಯ ಸೆರಗಿನ ಅಂಚು ಮೆಟ್ಟಿಲು ಮೆಟ್ಟಿಲಾಗಿ ಒಡೆದಿತ್ತು. ಫಳಫಳ ಎನ್ನುತ್ತಿದ್ದ ಭತ್ತದ ಹಸಿರು ಬಾಡಿದ ಬಾಳೆಎಲೆಯ ಬಣ್ಣಕ್ಕೆ ತಿರುಗಿತ್ತು. ಅದೇ ರಾತ್ರಿ ಅದೇ ಆಪ್‌ನ ಪ್ರೀಮಿಯಂ ಪ್ಲ್ಯಾನ್‌ಗೆ ದುಡ್ಡು ಕಟ್ಟಿ ಇನ್ನೊಂದು ಚಿತ್ರ ತೆಗೆದೆ. ಮರುದಿನದ ಪ್ರೂಫ್‌ನಲ್ಲೂ ಅದೇ ಒಡಕು, ಅದೇ ಮಂಕು ಹಸಿರು. ಪ್ರೆಸ್ಸಿನವರು ಕೇಳಿದ್ದು ಒಂದೇ ಮಾತು: ‘ಪ್ಲ್ಯಾನ್ ಬಿಡಿ ಸರ್, ಅಳತೆ ಎಷ್ಟಿದೆ ಹೇಳಿ.’

ಉಚಿತವೋ ಪ್ರೀಮಿಯಮ್ಮೋ ಎಂದು ತಲೆ ಕೆಡಿಸಿಕೊಳ್ಳುವ ಮೊದಲು ಚಿತ್ರ ಕೊನೆಗೆ ಎಲ್ಲಿಗೆ ಹೋಗಿ ಕೂರುತ್ತದೆ ಎಂದು ಕೇಳಿಕೊಳ್ಳಬೇಕು. ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೋ, ಲಗ್ನಪತ್ರಿಕೆಗೋ, ಪುಸ್ತಕದ ಮುಖಪುಟಕ್ಕೋ, ಅಂಗಡಿಯ ಬೋರ್ಡಿಗೋ? ಉತ್ತರ ಗೊತ್ತಿಲ್ಲದೆ ಕಟ್ಟಿದ ದುಡ್ಡು ಹೇಗೆ ವ್ಯರ್ಥವಾಗುತ್ತದೆ ಎಂಬುದನ್ನು ಅನುಭವಿಸಿದ್ದೇನೆ. ಈ ವಿಷಯದಲ್ಲಿ ನನ್ನನ್ನೂ ಸೇರಿಸಿ ಅನೇಕರು ನಂಬಿಕೊಂಡ ಕೆಲವು ಮಾತುಗಳನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ತಪ್ಪು ಕಲ್ಪನೆ 1: ಪ್ರೀಮಿಯಂ ಎಂದರೆ ಒಳಗಿನ ಎಂಜಿನ್ನೇ ಬೇರೆ, ಅದಕ್ಕೇ ಚಿತ್ರ ಚೆನ್ನಾಗಿ ಬರುತ್ತದೆ.

ಸತ್ಯ: ಎಷ್ಟೋ ಸಲ ಎಂಜಿನ್ ಒಂದೇ, ಅಂಗಡಿ ಮಾತ್ರ ಬೇರೆ. 2023ರ ಅಕ್ಟೋಬರ್‌ನಲ್ಲಿ ಡಾಲ್-ಇ 3 ಎಂಬ ಎಂಜಿನ್ ಬಂದಾಗ ಮೈಕ್ರೋಸಾಫ್ಟ್‌ನ ಬಿಂಗ್ ಇಮೇಜ್ ಕ್ರಿಯೇಟರ್‌ನಲ್ಲಿ ಅದು ಉಚಿತವಾಗಿತ್ತು. ಅದೇ ತಿಂಗಳು ಚಾಟ್‌ಜಿಪಿಟಿಯಲ್ಲಿ ಅದನ್ನು ಬಳಸಬೇಕೆಂದರೆ ತಿಂಗಳಿಗೆ 20 ಡಾಲರ್‌ನ ಪ್ಲಸ್ ಪ್ಲ್ಯಾನ್ ಬೇಕಿತ್ತು. 2022ರ ಆಗಸ್ಟ್‌ನಲ್ಲಿ ಸ್ಟೇಬಲ್ ಡಿಫ್ಯೂಷನ್ ಎಂಬ ಎಂಜಿನ್ ಎಲ್ಲರಿಗೂ ಮುಕ್ತವಾದ ಮೇಲೆ ಅದನ್ನೇ ಒಳಗಿಟ್ಟುಕೊಂಡು, ಮೇಲೊಂದು ಹೊಸ ಹೆಸರು ಬರೆದು ಚಂದಾ ಕೇಳುವ ಆಪ್‌ಗಳೂ ಹುಟ್ಟಿಕೊಂಡವು.

ವ್ಯತ್ಯಾಸವೇ ಇಲ್ಲ ಎಂದು ಹೇಳುತ್ತಿಲ್ಲ. 2025ರ ನವೆಂಬರ್‌ನಲ್ಲಿ ಗೂಗಲ್‌ನ ನ್ಯಾನೋ ಬನಾನಾ ಪ್ರೊ ಬಂದಾಗ ಉಚಿತ ಬಳಕೆದಾರರಿಗೆ ಅದರ ರುಚಿ ಸ್ವಲ್ಪವೇ ಸಿಕ್ಕಿತು. ಮಿತಿ ಮುಗಿದ ಕೂಡಲೇ ಹಳೆಯ ನ್ಯಾನೋ ಬನಾನಾಕ್ಕೆ ಮರಳಬೇಕಿತ್ತು. ಹೊಸ ಎಂಜಿನ್ ಮೊದಲು ದುಡ್ಡು ಕೊಟ್ಟವರಿಗೆ ಧಾರಾಳವಾಗಿ ಸಿಗುತ್ತದೆ, ಆಮೇಲೆ ನಿಧಾನವಾಗಿ ಎಲ್ಲರಿಗೂ ಇಳಿದು ಬರುತ್ತದೆ. ಹಾಗಾಗಿ ಪ್ಲ್ಯಾನ್‌ನ ಹೆಸರಿಗಿಂತ ಒಳಗೆ ಓಡುತ್ತಿರುವ ಮಾಡೆಲ್ ಯಾವುದು, ಅದರ ಎಷ್ಟನೇ ಆವೃತ್ತಿ ಎಂದು ನೋಡಿ. ನಿಮ್ಮ ದುಡ್ಡು ಬಹುಪಾಲು ಕೊಂಡುಕೊಳ್ಳುವುದು ಚಿತ್ರಗಳ ಸಂಖ್ಯೆಯನ್ನು, ಸಾಲಿನಲ್ಲಿ ಕಾಯದ ವೇಗವನ್ನು, ದೊಡ್ಡ ಅಳತೆಯನ್ನು, ಬಳಕೆಯ ಅನುಮತಿಯನ್ನು. ಚೆಂದ ಎನ್ನುವುದು ಇವುಗಳ ಜೊತೆ ತಾನಾಗಿ ಬರುವುದಿಲ್ಲ.

ತಪ್ಪು ಕಲ್ಪನೆ 2: ಪರದೆಯ ಮೇಲೆ ಚೆನ್ನಾಗಿ ಕಂಡರೆ ಪ್ರಿಂಟಿಗೂ ಆಗುತ್ತದೆ, ಆಗದಿದ್ದರೆ ಪ್ರೀಮಿಯಂ ತೆಗೆದುಕೊಂಡರೆ ಸಾಕು.

ಸತ್ಯ: ಇಲ್ಲಿ ಕೂಡಿಸಿ ಗುಣಿಸಿದರೆ ಉತ್ತರ ತಾನೇ ಸಿಗುತ್ತದೆ. ಕನ್ನಡದ ಕಥೆ-ಕಾದಂಬರಿಗಳು ಹೆಚ್ಚಾಗಿ ಬರುವುದು ಡೆಮಿ 1/8 ಆಕಾರದಲ್ಲಿ, ಅಂದರೆ 5.5 ಇಂಚು ಅಗಲ, 8.5 ಇಂಚು ಎತ್ತರ. ಆಫ್‌ಸೆಟ್ ಮುದ್ರಣಕ್ಕೆ ಇಂಚಿಗೆ 300 ಚುಕ್ಕಿ ಇರಬೇಕೆಂಬುದು ವಾಡಿಕೆ. ಆ ಲೆಕ್ಕದಲ್ಲಿ ಮುಂಬದಿಯ ಪುಟವೊಂದಕ್ಕೇ 1650 × 2550 ಪಿಕ್ಸೆಲ್ ಬೇಕು. ನಾನು ಕೊಟ್ಟಿದ್ದು 1024 × 1024ರ ಚೌಕ ಚಿತ್ರ. ಅದನ್ನು ಪುಟದ ಎತ್ತರಕ್ಕೆ ಎಳೆದಾಗ ಇಂಚಿಗೆ ಉಳಿದದ್ದು ಸುಮಾರು 120 ಚುಕ್ಕಿ. ಸೆರಗು ಒಡೆಯದೆ ಇನ್ನೇನಾದೀತು? ನಾನು ಕಟ್ಟಿದ ಪ್ಲ್ಯಾನ್‌ನಲ್ಲಿ ದಿನಕ್ಕೆ ಹೆಚ್ಚು ಚಿತ್ರ ಸಿಗುತ್ತಿದ್ದವು, ಅಳತೆ ಮಾತ್ರ ಅಷ್ಟೇ ಇತ್ತು.

ಕೊನೆಗೆ ಚಿತ್ರವನ್ನು ಮೊದಲೇ ಉದ್ದ ಆಕಾರದಲ್ಲಿ, 1024 × 1536ರಲ್ಲಿ ತೆಗೆದೆ. ಅಪ್‌ಸ್ಕೇಲ್ ಎಂಬ ಉಚಿತ, ಮುಕ್ತ ತಂತ್ರಾಂಶದಲ್ಲಿ ಅದನ್ನು ಎರಡರಷ್ಟು ಹಿಗ್ಗಿಸಿದಾಗ 2048 × 3072 ಆಯಿತು, ಕೆಲಸ ಕೈಗೂಡಿತು. ಒಂದು ಎಚ್ಚರ ಬೇಕು: ಹಿಗ್ಗಿಸುವ ತಂತ್ರಾಂಶ ಇಲ್ಲದ ವಿವರವನ್ನು ಊಹಿಸಿ ತುಂಬುತ್ತದೆ. ಮುಖದ ಸುಕ್ಕು, ಕೂದಲು, ಬೆರಳು, ಒಡವೆಯ ಕುಸುರಿಗಳನ್ನು ಹತ್ತಿರದಿಂದ ನೋಡಿಯೇ ಪ್ರೆಸ್ಸಿಗೆ ಕೊಡಬೇಕು.

ಬಣ್ಣ ಮಂಕಾದದ್ದಕ್ಕೆ ಕಾರಣ ಬೇರೆಯೇ ಇತ್ತು. ಪರದೆ ಬೆಳಕಿನಿಂದ ಬಣ್ಣ ಕಟ್ಟುತ್ತದೆ, ಪ್ರೆಸ್ಸು ನಾಲ್ಕು ಶಾಯಿಗಳಿಂದ. ಆರ್‌ಜಿಬಿ ಚಿತ್ರವನ್ನು ಸಿಎಂವೈಕೆಗೆ ತಿರುಗಿಸಿದಾಗ ಫಳಫಳಿಸುವ ಹಸಿರು, ನೀಲಿಗಳು ಮಂಕಾಗುವುದು ಸಹಜ. ತಿರುಗಿಸಿದ ಮೇಲೆ ಬಣ್ಣವನ್ನು ಕಣ್ಣಳತೆಯಲ್ಲಿ ಸರಿಪಡಿಸುವುದು ಡಿಟಿಪಿಯವರ ಕೈಚಳಕ, ಪ್ರೀಮಿಯಂ ಪ್ಲ್ಯಾನ್ ಅದನ್ನು ಮಾಡಿಕೊಡುವುದಿಲ್ಲ. ದೂರದಿಂದ ನೋಡುವ ದೊಡ್ಡ ಫ್ಲೆಕ್ಸ್‌ಗೆ ಇಂಚಿಗೆ 72 ಚುಕ್ಕಿಯೂ ನಡೆಯುತ್ತದೆ. ಸ್ಟೇಟಸ್ಸಿಗೆ 1024 ಪಿಕ್ಸೆಲ್‌ನ ಉಚಿತ ಚಿತ್ರ ಧಾರಾಳವಾಯಿತು.

ತಪ್ಪು ಕಲ್ಪನೆ 3: ಪ್ರೀಮಿಯಂನಲ್ಲಿ ಕನ್ನಡ ಅಕ್ಷರ ತಪ್ಪಿಲ್ಲದೆ ಬರುತ್ತದೆ.

ಸತ್ಯ: ಇದನ್ನು ನಂಬಿ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು ಅಚ್ಚು ಹಾಕಿಸಬೇಡಿ. ಈ ಯಂತ್ರಗಳು ಅಕ್ಷರವನ್ನು ಟೈಪ್ ಮಾಡುವುದಿಲ್ಲ, ಹೂವು ಎಲೆ ಬಿಡಿಸಿದಂತೆ ಅದನ್ನೂ ಬಿಡಿಸುತ್ತವೆ. ‘ಗೃಹಪ್ರವೇಶ’ ಎಂಬ ಒಂದೇ ಪದವನ್ನು ನೋಡಿ. ‘ಗೃ’ದಲ್ಲಿ ವಟ್ರಸುಳಿ ಇದೆ, ‘ಪ್ರ’ದಲ್ಲಿ ರ ಒತ್ತು ಇದೆ, ‘ವೇ’ಯಲ್ಲಿ ಏತ್ವದ ಜೊತೆ ದೀರ್ಘ ಇದೆ. ಒಂದು ಸುಳಿ ಅತ್ತಿತ್ತ ಸರಿದರೆ ಪದವೇ ಕೆಡುತ್ತದೆ. ಹೊಸ ಮಾಡೆಲ್‌ಗಳು ಮೊದಲಿಗಿಂತ ಎಷ್ಟೋ ಸುಧಾರಿಸಿವೆ. ದಪ್ಪ ಅಕ್ಷರದ ಒಂದೆರಡು ಪದ ಸರಿಯಾಗಿ ಬರುವುದುಂಟು. ಆದರೆ ಸಣ್ಣ ಅಕ್ಷರದ ಮುಹೂರ್ತ, ಸ್ಥಳ, ಹಿರಿಯರ ಹೆಸರುಗಳಲ್ಲಿ ಒತ್ತು ಮಾಯವಾಗಿರುವುದನ್ನು ಮತ್ತೆ ಮತ್ತೆ ನೋಡಿದ್ದೇನೆ.

ದಾರಿ ಸುಲಭ. ‘ಅಕ್ಷರ ಬೇಡ, ಮೇಲ್ಭಾಗದಲ್ಲಿ ಖಾಲಿ ಜಾಗ ಬಿಡು’ ಎಂದು ಹೇಳಿ ಚಿತ್ರ ತೆಗೆಯಿರಿ. ಆ ಜಾಗದಲ್ಲಿ ಯೂನಿಕೋಡ್ ಫಾಂಟ್ ಬಳಸಿ ನೀವೇ ಅಕ್ಷರ ಕೂರಿಸಿ. ಆಗ ಅಕ್ಷರ ಸ್ಫುಟವಾಗಿರುತ್ತದೆ, ಕೊನೆ ಗಳಿಗೆಯಲ್ಲಿ ಮುಹೂರ್ತ ಬದಲಾದರೆ ತಿದ್ದಲೂ ಬರುತ್ತದೆ. ಇದಕ್ಕೆ ಉಚಿತ ಸಾಧನವೇ ಸಾಕು.

ತಪ್ಪು ಕಲ್ಪನೆ 4: ದುಬಾರಿ ಎಐಗೆ ನಮ್ಮ ಸಂಸ್ಕೃತಿ ಚೆನ್ನಾಗಿ ಗೊತ್ತಿರುತ್ತದೆ.

ಸತ್ಯ: ಅದಕ್ಕೆ ಗೊತ್ತಿರುವುದು ಅದು ಕಂಡ ಚಿತ್ರಗಳು ಮತ್ತು ಅವುಗಳ ಜೊತೆಗಿದ್ದ ಬರಹ ಮಾತ್ರ. ನಮ್ಮ ಕಡೆಯ ಎಷ್ಟೋ ಸಂಗತಿಗಳಿಗೆ ಅಂಥ ವಿವರಣೆಯುಳ್ಳ ಚಿತ್ರಗಳು ಅಂತರ್ಜಾಲದಲ್ಲಿ ಕಡಿಮೆ. ‘ಯಕ್ಷಗಾನ’ ಎಂದು ಬರೆದಾಗ ಕಥಕಳಿಯ ಹಸಿರು ಮುಖ ಬಂದದ್ದನ್ನು ದುಡ್ಡು ಕಟ್ಟಿದ ಸೇವೆಯಲ್ಲೇ ಕಂಡಿದ್ದೇನೆ. ಬಡಗುತಿಟ್ಟಿನ ಅಭಿಮನ್ಯುವಿಗೆ ಕೇದಗೆ ಮುಂದಲೆ ಇರಬೇಕು. ಯಂತ್ರ ಯಾವುದೋ ಕಿರೀಟ ಇಡುತ್ತದೆ. ಕೊಡಗಿನ ಸೀರೆಯ ನೆರಿಗೆ ಹಿಂದಕ್ಕೆ ಬರಬೇಕು, ಮುಂದೆ ಬಿಡಿಸಿಡುತ್ತದೆ.

ಭಾಷೆಯ ವಿಷಯವೂ ಹೀಗೆಯೇ. ಸ್ಟೇಬಲ್ ಡಿಫ್ಯೂಷನ್‌ನ ಮೊದಲ ಆವೃತ್ತಿಗಳು ಪ್ರಾಂಪ್ಟ್ (ನಾವು ಬರೆದು ಕೊಡುವ ಸೂಚನೆ) ಓದಲು ಬಳಸಿದ ಭಾಗ ಮುಖ್ಯವಾಗಿ ಇಂಗ್ಲಿಷ್ ಕಲಿತಿತ್ತು, ಅಲ್ಲಿ ಕನ್ನಡ ಕೆಲಸ ಮಾಡುತ್ತಿರಲಿಲ್ಲ. ಜೆಮಿನೈ, ಚಾಟ್‌ಜಿಪಿಟಿಯಂಥವು ಉಚಿತ ಪ್ಲ್ಯಾನ್‌ನಲ್ಲೂ ಕನ್ನಡದ ಪ್ರಾಂಪ್ಟ್ ಅರ್ಥ ಮಾಡಿಕೊಳ್ಳುತ್ತವೆ. ಇದು ಮಾಡೆಲ್ ತಯಾರಾದ ಬಗೆಯನ್ನು ಅವಲಂಬಿಸಿದೆ, ಪ್ಲ್ಯಾನ್‌ನ ಬೆಲೆಯನ್ನಲ್ಲ.

ಹೆಸರು ಹೇಳಿ ಸುಮ್ಮನಾಗುವ ಬದಲು ಕಣ್ಣಿಗೆ ಕಾಣುವುದನ್ನು ವರ್ಣಿಸಿ. ‘ಇಳಕಲ್ ಸೀರೆ’ ಎನ್ನುವುದರ ಜೊತೆಗೆ ‘ಕೆಂಪು ಸೆರಗು, ಅದರಲ್ಲಿ ಗೋಪುರದ ಸಾಲಿನಂಥ ಬಿಳಿ ಹಲ್ಲುಗಳು’ ಎಂದೂ ಬರೆಯಿರಿ. ನೀವೇ ತೆಗೆದ ಫೋಟೊ ಇದ್ದರೆ ಮಾದರಿಯಾಗಿ ಕೊಡಿ. ಚಿತ್ರ ಬಂದ ಮೇಲೆ ಆ ಕಲೆ ಬಲ್ಲ ಒಬ್ಬರಿಗೆ ತೋರಿಸಿ. ತಪ್ಪು ವೇಷದ ಚಿತ್ರ ಹತ್ತು ಕಡೆ ಹರಿದಾಡಿದರೆ ನಾಳಿನ ಮಕ್ಕಳು ಅದನ್ನೇ ಯಕ್ಷಗಾನ ಎಂದುಕೊಳ್ಳುತ್ತಾರೆ. ಈ ಹೊಣೆ ಚಿತ್ರ ತೆಗೆದವರದ್ದೇ.

ತಪ್ಪು ಕಲ್ಪನೆ 5: ದುಡ್ಡು ಕಟ್ಟಿದ ಮೇಲೆ ನನ್ನ ಚಿತ್ರ ನನಗಷ್ಟೇ ಕಾಣುತ್ತದೆ.

ಸತ್ಯ: ಮಿಡ್‌ಜರ್ನಿಯನ್ನೇ ತೆಗೆದುಕೊಳ್ಳಿ. 2023ರ ಮಾರ್ಚ್‌ನಲ್ಲಿ ಅದು ಉಚಿತ ಪ್ರಯೋಗವನ್ನು ನಿಲ್ಲಿಸಿತು. ಅದರ ಬೇಸಿಕ್ ಪ್ಲ್ಯಾನ್‌ಗೆ ತಿಂಗಳಿಗೆ 10 ಡಾಲರ್, ಸ್ಟ್ಯಾಂಡರ್ಡ್‌ಗೆ 30, ಪ್ರೊಗೆ 60, ಮೆಗಾಕ್ಕೆ 120. ಅಲ್ಲಿ ತೆಗೆದ ಚಿತ್ರಗಳು ತಾವಾಗಿಯೇ ಎಲ್ಲರಿಗೂ ಕಾಣುವಂತಿರುತ್ತವೆ. ಮರೆಮಾಡುವ ‘ಸ್ಟೆಲ್ತ್’ ಸೌಲಭ್ಯ ಇರುವುದು ಪ್ರೊ ಮತ್ತು ಮೆಗಾದಲ್ಲಿ ಮಾತ್ರ. ಬಿಡುಗಡೆಗೆ ಮುನ್ನ ಗುಟ್ಟಾಗಿಡಬೇಕಾದ ಸಿನಿಮಾ ಪೋಸ್ಟರ್, ಹೊಸ ಉತ್ಪನ್ನದ ಪ್ಯಾಕಿಂಗ್ ಮಾಡುವವರು ಇದನ್ನು ಮೊದಲೇ ತಿಳಿದಿರಬೇಕು.

ಉಚಿತ ಸೇವೆಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ನೀವು ಏರಿಸಿದ ಫೋಟೊವನ್ನು ತರಬೇತಿಗೆ ಬಳಸುತ್ತಾರೆಯೇ, ಅದನ್ನು ತಡೆಯುವ ಸೆಟ್ಟಿಂಗ್ ಎಲ್ಲಿದೆ ಎಂದು ಹುಡುಕಿ ನೋಡಿ. 2025ರ ಮಾರ್ಚ್ ಕೊನೆಯಲ್ಲಿ ಘಿಬ್ಲಿ ಶೈಲಿಯ ಚಿತ್ರಗಳ ಅಲೆ ಎದ್ದಾಗ ಮನೆಮಂದಿಯ, ಮಕ್ಕಳ ಫೋಟೊಗಳನ್ನು ಜನ ಹಿಂದೆಮುಂದೆ ನೋಡದೆ ಏರಿಸಿದರು. ಮಗುವಿನ ಮುಖ ಏರಿಸುವ ಮುನ್ನ ಎರಡು ನಿಮಿಷ ನಿಯಮ ಓದುವುದು ದೊಡ್ಡ ಕಷ್ಟವೇನಲ್ಲ.

ತಪ್ಪು ಕಲ್ಪನೆ 6: ಪ್ರೀಮಿಯಂ ಚಿತ್ರಕ್ಕೆ ಹಕ್ಕುಸ್ವಾಮ್ಯ ನನ್ನದೇ.

ಸತ್ಯ: ಕಂಪನಿ ಕೊಡುವುದು ಬಳಕೆಯ ಅನುಮತಿ, ಹಕ್ಕುಸ್ವಾಮ್ಯ ಕೊಡುವುದು ಕಾನೂನು. ಅಮೆರಿಕದ ಕಾಪಿರೈಟ್ ಕಚೇರಿ 2023ರ ಫೆಬ್ರುವರಿಯಲ್ಲಿ ‘ಝರ್ಯಾ ಆಫ್ ದ ಡಾನ್’ ಎಂಬ ಕಾಮಿಕ್ ಪುಸ್ತಕದ ಬರಹಕ್ಕೂ ಜೋಡಣೆಗೂ ರಕ್ಷಣೆ ಕೊಟ್ಟಿತು. ಮಿಡ್‌ಜರ್ನಿಯಲ್ಲಿ ತೆಗೆದ ಬಿಡಿ ಚಿತ್ರಗಳಿಗೆ ಕೊಡಲಿಲ್ಲ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆ, ಕಂಪ್ಯೂಟರ್ ಸೃಷ್ಟಿಸಿದ ಕೃತಿಗೆ ಅದನ್ನು ಸೃಷ್ಟಿಯಾಗುವಂತೆ ಮಾಡಿದ ವ್ಯಕ್ತಿಯೇ ಕರ್ತೃ ಎನ್ನುತ್ತದೆ. ಆ ವ್ಯಕ್ತಿ ಎಂದರೆ ಪ್ರಾಂಪ್ಟ್ ಬರೆದವರೋ ಯಂತ್ರ ಕಟ್ಟಿದವರೋ ಎಂದು ಕಾಯ್ದೆ ಬಿಡಿಸಿ ಹೇಳಿಲ್ಲ.

ಹಾಗೆಂದು ಅನುಮತಿ ಕಡಿಮೆ ವಿಷಯವಲ್ಲ. ವ್ಯಾಪಾರಕ್ಕೆ ಬಳಸುವವರಿಗೆ ಪ್ರೀಮಿಯಂ ನಿಜಕ್ಕೂ ಬೇಕಾಗುವುದು ಇಲ್ಲಿಯೇ. ಅಡೋಬಿ ತನ್ನ ಫೈರ್‌ಫ್ಲೈ ಮಾಡೆಲ್‌ಗಳಿಗೆ ಅಡೋಬಿ ಸ್ಟಾಕ್, ಮುಕ್ತ ಪರವಾನಗಿ ಹಾಗೂ ಹಕ್ಕುಸ್ವಾಮ್ಯ ಮುಗಿದ ಚಿತ್ರಗಳಿಂದ ತರಬೇತಿ ಕೊಟ್ಟಿದ್ದಾಗಿ ಹೇಳುತ್ತದೆ. ಬ್ಲ್ಯಾಕ್ ಫಾರೆಸ್ಟ್ ಲ್ಯಾಬ್ಸ್‌ನ ಫ್ಲಕ್ಸ್.1 ಶ್ನೆಲ್ ಉಚಿತವಾದರೂ ಅದರ ಅಪಾಚೆ 2.0 ಪರವಾನಗಿ ವ್ಯಾಪಾರದ ಬಳಕೆಯನ್ನು ಒಪ್ಪುತ್ತದೆ. ಆದರೆ ನಿಮ್ಮದೇ ಕಂಪ್ಯೂಟರಿನಲ್ಲಿ ಅದನ್ನು ಓಡಿಸಲು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು, ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇನ್ನೊಬ್ಬರ ಪ್ರಸಿದ್ಧ ಪಾತ್ರವನ್ನು ಹೋಲುವ ಚಿತ್ರ ತೆಗೆದರೆ ಯಾವ ಪ್ಲ್ಯಾನೂ ಕಾಪಾಡೀತೆಂದು ನಂಬಬೇಡಿ. ಡಿಸ್ನಿ ಮತ್ತು ಯೂನಿವರ್ಸಲ್ 2025ರ ಜೂನ್‌ನಲ್ಲಿ ಮಿಡ್‌ಜರ್ನಿಯ ಮೇಲೆಯೇ ದಾವೆ ಹೂಡಿವೆ.

ತಪ್ಪು ಕಲ್ಪನೆ 7: ವರ್ಷದ ಪ್ಲ್ಯಾನ್ ಯಾವಾಗಲೂ ಅಗ್ಗ.

ಸತ್ಯ: ಶೇ 20ರಷ್ಟು ರಿಯಾಯಿತಿ ಎಂದರೆ ವರ್ಷದ ದುಡ್ಡು 9.6 ತಿಂಗಳ ಬಾಡಿಗೆಗೆ ಸಮ. ವರ್ಷದಲ್ಲಿ ಹತ್ತು ತಿಂಗಳಾದರೂ ಬಳಸದಿದ್ದರೆ ನಷ್ಟ. ಹಬ್ಬ, ಜಾತ್ರೆ, ಮದುವೆ ಸೀಸನ್ನಿನಲ್ಲಷ್ಟೇ ಕೆಲಸ ಬರುವ ಸಣ್ಣ ಸ್ಟುಡಿಯೊದವರಿಗೆ ಬೇಕಾದ ತಿಂಗಳು ಕಟ್ಟಿ, ಬೇಡದ ತಿಂಗಳು ನಿಲ್ಲಿಸುವುದೇ ಮೇಲು. ಡಾಲರ್ ಬೆಲೆಯ ಮೇಲೆ ಶೇ 18ರ ಜಿಎಸ್‌ಟಿ, ಕಾರ್ಡಿನ ವಿದೇಶಿ ವಿನಿಮಯ ಶುಲ್ಕವೂ ಸೇರಬಹುದು. ದುಡ್ಡು ತಾನಾಗಿ ಕಡಿತವಾಗುವ ಮುನ್ನ ಬ್ಯಾಂಕಿನಿಂದ ಬರುವ ಸಂದೇಶವನ್ನು ಓದದೆ ಅಳಿಸಬೇಡಿ. ಕಟ್ಟುವ ಮೊದಲು ನಿಮ್ಮ ಬಳಿ ಈಗಾಗಲೇ ಏನಿದೆ ಎಂದೂ ನೋಡಿ. 2025ರ ಕೊನೆಯಲ್ಲಿ ಜಿಯೊ ತನ್ನ ಅರ್ಹ ಗ್ರಾಹಕರಿಗೆ ಜೆಮಿನೈನ ಪ್ರೊ ಪ್ಲ್ಯಾನನ್ನು 18 ತಿಂಗಳು ಉಚಿತವಾಗಿ ಕೊಟ್ಟಿತು. ಓಪನ್‌ಎಐ ಭಾರತದಲ್ಲಿ ಚಾಟ್‌ಜಿಪಿಟಿ ಗೋವನ್ನು ಒಂದು ವರ್ಷ ಉಚಿತ ಮಾಡಿತು. ಇಂಥವು ಕೈಯಲ್ಲಿದ್ದೂ ಇನ್ನೊಂದಕ್ಕೆ ದುಡ್ಡು ಸುರಿಯುವವರನ್ನು ಕಂಡಿದ್ದೇನೆ.

ಹಾಗಾದರೆ ಯಾವುದನ್ನು ಆರಿಸಬೇಕು?

ಶುಭಾಶಯ, ಸ್ಟೇಟಸ್, ಶಾಲೆಯ ಪ್ರಾಜೆಕ್ಟ್, ಹೊಸ ಕಲ್ಪನೆಯ ಕರಡು: ಇವಕ್ಕೆ ಉಚಿತವೇ ಸಾಕು. ವರ್ಷಕ್ಕೆ ಒಂದೆರಡು ಮುಖಪುಟ ಮಾಡುವವರು ಉಚಿತದಲ್ಲಿ ಕರಡು ತೆಗೆದು, ಅಗತ್ಯ ಬಿದ್ದ ತಿಂಗಳು ಮಾತ್ರ ಕಟ್ಟಲಿ. ದಿನವೂ ಗಿರಾಕಿಗೆ ಚಿತ್ರ ಕೊಡುವವರು, ಗುಟ್ಟು ಕಾಯಬೇಕಾದವರು, ಬರಹದಲ್ಲಿ ವಾಣಿಜ್ಯ ಅನುಮತಿ ಬೇಕಾದವರು ಹಿಂಜರಿಯದೆ ಪ್ರೀಮಿಯಂ ತೆಗೆದುಕೊಳ್ಳಲಿ. ಅವರಿಗೆ ಅದು ಕೆಲಸದ ಬಂಡವಾಳ. ಕಟ್ಟುವ ಮುಂಚೆ ಒಂದೇ ಪ್ರಾಂಪ್ಟನ್ನು ಎರಡು ಮೂರು ಉಚಿತ ಸೇವೆಗಳಲ್ಲಿ ಹಾಕಿ, ಬಂದ ಚಿತ್ರಗಳನ್ನು ಹೋಗಬೇಕಾದ ಅಳತೆಯಲ್ಲೇ ಪ್ರಿಂಟ್ ತೆಗೆಸಿ ಪಕ್ಕಪಕ್ಕ ಇಟ್ಟು ನೋಡಿ. ಹತ್ತಿಪ್ಪತ್ತು ರೂಪಾಯಿಯ ಕಲರ್ ಪ್ರಿಂಟ್ ಸಾವಿರಾರು ರೂಪಾಯಿ ಉಳಿಸೀತು.

ಈಗ ಯಾರಾದರೂ ನನ್ನಲ್ಲಿ ಮುಖಪುಟ ಕೇಳಿದರೆ ಕಂಪ್ಯೂಟರ್ ತೆರೆಯುವ ಮೊದಲು ಕೈಗೆ ಸ್ಕೇಲ್ ತೆಗೆದುಕೊಳ್ಳುತ್ತೇನೆ. ಹಾಳೆಯ ಮೇಲೆ 5.5 ಮತ್ತು 8.5 ಇಂಚಿನ ಚೌಕಟ್ಟು ಎಳೆದು, ಶೀರ್ಷಿಕೆಗೆ ಜಾಗ ಬಿಟ್ಟು, ಅಜ್ಜಿ ಎಲ್ಲಿ ಕೂರಬೇಕು ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತೇನೆ. ಆ ಹಾಳೆ ಮುಂದಿದ್ದರೆ ಯಾವ ಸಾಧನ ಬೇಕು, ದುಡ್ಡು ಕಟ್ಟಬೇಕೋ ಬೇಡವೋ ಎಂಬುದು ಐದು ನಿಮಿಷದಲ್ಲಿ ತೀರ್ಮಾನವಾಗುತ್ತದೆ.