ಪುಸ್ತಕಕ್ಕೆ ಮುಖ ಬರೆಯುವವರು

ಜಯನಗರ ನಾಲ್ಕನೇ ಬ್ಲಾಕಿನ ಪುಸ್ತಕದಂಗಡಿಗೆ ಸಂಜೆ ಹೊತ್ತು ಬರುವ ಓದುಗರನ್ನು ಗಮನಿಸಿ. ಮೇಜಿನ ಮೇಲೆ ಹರಡಿದ ಹೊಸ ಪುಸ್ತಕಗಳ ಮೇಲೆ ಕಣ್ಣು ಹಾಯುತ್ತದೆ. ಯಾವುದೋ ಒಂದರ ಮೇಲೆ ಕೈ ನಿಲ್ಲುತ್ತದೆ. ಎತ್ತಿ, ತಿರುಗಿಸಿ, ಬೆನ್ನುಡಿ ಓದಿ, ಬೆಲೆ ನೋಡುತ್ತಾರೆ. ಲೇಖಕರು ಯಾರೆಂದು ತಿಳಿಯುವ ಮೊದಲೇ ಆ ಕೈಯನ್ನು ನಿಲ್ಲಿಸಿದ್ದು ಮುಖಪುಟ. ಅದನ್ನು ರಚಿಸಿದವರ ಹೆಸರು ಮಾತ್ರ ಸಾಮಾನ್ಯವಾಗಿ ಒಳಪುಟದಲ್ಲಿ, ಮುದ್ರಕರ ವಿಳಾಸದ ಆಸುಪಾಸಿನಲ್ಲಿ, ಸಣ್ಣಕ್ಷರದಲ್ಲಿರುತ್ತದೆ.

ಹಿಂದೆ ಚಂದ್ರನಾಥ ಆಚಾರ್ಯರಂಥ ಕಲಾವಿದರ ಕುಂಚ ಮುಖಪುಟಗಳಿಗೆ ಜೀವ ತುಂಬುತ್ತಿತ್ತು. ಶೀರ್ಷಿಕೆಯನ್ನೂ ಕೈಯಲ್ಲೇ ಬರೆಯುವ ಕಾಲ ಅದು. ತೊಂಬತ್ತರ ದಶಕದಲ್ಲಿ ಡಿಟಿಪಿ ಬಂತು. ಬೆರಳೆಣಿಕೆಯ ಫಾಂಟುಗಳನ್ನೇ ಎಳೆದು ಹಿಗ್ಗಿಸಿದ್ದಾಯಿತು. ಕಾದಂಬರಿಗೂ ಗೃಹಪ್ರವೇಶದ ಆಹ್ವಾನ ಪತ್ರಿಕೆಗೂ ಒಂದೇ ಅಕ್ಷರ!

ಈ ಜಡತೆ ಕಳೆಯುವುದರಲ್ಲಿ ಕವಿಯೂ ಆದ ಅಪಾರ ಅವರ ಪಾಲು ದೊಡ್ಡದು. ಕಥೆಗಾರ ವಸುಧೇಂದ್ರ 2004ರಲ್ಲಿ ಆರಂಭಿಸಿದ ಛಂದ ಪುಸ್ತಕವೂ ಸೇರಿದಂತೆ ಹಲವು ಪ್ರಕಾಶನಗಳಿಗೆ ಅವರು ನೂರಾರು ಮುಖಪುಟ ರಚಿಸಿದ್ದಾರೆ. ಇಂಥ ವಿನ್ಯಾಸಗಳಲ್ಲಿ ಶೀರ್ಷಿಕೆ ಚಿತ್ರದ ಮೇಲೆ ಅಂಟಿಸಿದ ಚೀಟಿಯಲ್ಲ. ಅಕ್ಷರವೇ ಚಿತ್ರದ ಕೆಲಸ ಮಾಡುತ್ತದೆ.

ಕನ್ನಡದಲ್ಲಿ ಇದು ಸುಲಭವಲ್ಲ. 'ಸ್ವಾತಂತ್ರ್ಯ' ಎಂಬ ಪದವನ್ನೇ ತೆಗೆದುಕೊಳ್ಳಿ. ಕೊನೆಯ ಅಕ್ಷರಕ್ಕೆ ಒಂದಲ್ಲ, ಎರಡು ಒತ್ತು. ಕೆಳಗಿನ ಸಾಲಿನಲ್ಲಿ ಲೇಖಕರ ಹೆಸರಿದ್ದರೆ ಅದರ ತಲೆಗೇ ತಾಗುತ್ತದೆ. ಪುಸ್ತಕದ ಬೆನ್ನಿನಲ್ಲಂತೂ ಇನ್ನೂ ಇಕ್ಕಟ್ಟು. 200 ಪುಟವೆಂದರೆ 100 ಹಾಳೆ. ಹಾಳೆಯ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗವೆಂದು ಹಿಡಿದರೆ ಬೆನ್ನು ಬರೀ ಒಂದು ಸೆಂಟಿಮೀಟರ್. ಅದರಲ್ಲಿ ಒತ್ತುಗಳಿಗೂ ಜಾಗ ಬಿಡಬೇಕು, ಮೂಲಾಕ್ಷರವೂ ಕಪಾಟಿನ ಮೇಲುಸಾಲಿನಿಂದ ಕಾಣಬೇಕು. ಜಾಣ ವಿನ್ಯಾಸಕಾರ ಒತ್ತಿನೊಡನೆ ಜಗಳವಾಡುವುದಿಲ್ಲ. ಅದನ್ನೇ ಬೇರಾಗಿ, ಬಾಲವಾಗಿ, ಹರಿವ ನೀರಾಗಿ ಇಳಿಬಿಡುತ್ತಾನೆ.

ಈಗ ಇನ್ನೊಂದು ಪರೀಕ್ಷೆ ಸೇರಿದೆ. ಪುಸ್ತಕವನ್ನು ಅಂಗಡಿಗಿಂತ ಮೊದಲು ಮೊಬೈಲಿನಲ್ಲಿ ನೋಡುವವರೇ ಹೆಚ್ಚು. ಐದೂವರೆ ಇಂಚು ಅಗಲದ ಮುಖಪುಟ ಅಲ್ಲಿ ಅರ್ಧ ಇಂಚಿಗೆ ಕುಗ್ಗಿದರೆ ಉಳಿಯುವುದು ಮೂಲ ವಿಸ್ತೀರ್ಣದ 121ನೇ ಒಂದು ಭಾಗ. ಗಿಡ, ಮನೆ, ಚಂದ್ರ, ಅಳುವ ಹೆಂಗಸು ಎಲ್ಲವನ್ನೂ ತುರುಕಿದ ಚಿತ್ರ ಅಲ್ಲಿ ಬರೀ ಕಲೆಯಾಗಿ ಕಾಣುತ್ತದೆ. ಒಂದೇ ಆಕಾರ, ಎರಡೇ ಬಣ್ಣ, ಸುತ್ತ ಧಾರಾಳ ಖಾಲಿ ಜಾಗ ಇದ್ದದ್ದು ಉಳಿದುಕೊಳ್ಳುತ್ತದೆ. ಖಾಲಿ ಜಾಗ ಬಿಡಲು ಪ್ರಕಾಶಕರನ್ನು ಒಪ್ಪಿಸುವುದು ಬೇರೆಯೇ ಕಲೆ, ಬಿಡಿ.

ಕನ್ನಡ ಪುಸ್ತಕ ಪ್ರಾಧಿಕಾರ ಪುಸ್ತಕ ಸೊಗಸಿನ ಜೊತೆಗೆ ಮುಖಪುಟಕ್ಕೂ ಬಹುಮಾನ ಇಟ್ಟಿರುವುದು ಒಳ್ಳೆಯ ಕೆಲಸ. ವಿಮರ್ಶಕರು ಮಾತ್ರ ಇನ್ನೂ ಹಳೆಯ ಜಾಡು ಬಿಟ್ಟಿಲ್ಲ. ಕಥಾವಸ್ತು, ಪಾತ್ರ, ಭಾಷೆ ಎಲ್ಲ ಮುಗಿದು, ಅಚ್ಚಿನ ದೋಷಗಳ ಲೆಕ್ಕವೂ ಆದ ಮೇಲೆ, ಜಾಗ ಮಿಕ್ಕಿದ್ದರೆ ಕೊನೆಯಲ್ಲೊಂದು ಸಾಲು: 'ಮುಖಪುಟ ಆಕರ್ಷಕವಾಗಿದೆ.' ಯಾರು ರಚಿಸಿದ್ದೆಂದು ಹೇಳುವುದಿಲ್ಲ.