ಹಳೆಯ ಫ್ಲಾಪಿ ಡ್ರೈವನ್ನು ರದ್ದಿಗೆ ಹಾಕಬೇಡಿ

ದಸರೆ-ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಕಪಾಟಿನ ಮೂಲೆಯಿಂದ ಹೊರಬರುವ ಸಾಮಾನುಗಳಲ್ಲಿ ಯುಎಸ್‌ಬಿ ವಯರಿನ ಬಾಲವಿರುವ ಚಪ್ಪಟೆ ಫ್ಲಾಪಿ ಡ್ರೈವೂ ಒಂದು. "ಇದಿನ್ನೂ ಯಾಕಮ್ಮ? ರದ್ದಿವಾಲಾಗೆ ಕೊಟ್ಟುಬಿಡು" ಎನ್ನುತ್ತೀರಿ ನೀವು.

ನೀವು ಹಾಗೆನ್ನುವುದು ಸಹಜವೇ. ಒಂದು ಫ್ಲಾಪಿಯಲ್ಲಿ ಹಿಡಿಸುವುದು ಬರೇ 1.44 ಎಂಬಿ. ನಿಮ್ಮ ಮೊಬೈಲಿನ ಒಂದು ಫೋಟೋ ಕೂಡ ಅದರಲ್ಲಿ ಕೂರುವುದು ಕಷ್ಟ. ಸೋನಿ ಕಂಪನಿ 2011ರಲ್ಲೇ ಜಪಾನಿನಲ್ಲಿ ಫ್ಲಾಪಿ ಮಾರಾಟ ನಿಲ್ಲಿಸಿತು. ಆದರೆ ಬರವಣಿಗೆಯ ಲೆಕ್ಕ ಬೇರೆ. ಅಂದಿನ ಕನ್ನಡ ಫಾಂಟುಗಳಲ್ಲಿ ಒಂದು ಚಿಹ್ನೆಗೆ ಒಂದೇ ಬೈಟ್ ಸಾಕು. ಹೀಗಾಗಿ ಒಂದು ಫ್ಲಾಪಿಯಲ್ಲಿ ನೂರಾರು ಪುಟಗಳು ಸೇರುತ್ತಿದ್ದವು. ಅಜ್ಜಿಯ ಹಾಡುಗಳು, ತಂದೆ ಬರೆದ ನಾಟಕ, ಸಂಘದ ಸ್ಮರಣ ಸಂಚಿಕೆ ಇನ್ನೂ ಅದರೊಳಗೇ ಉಳಿದಿರಬಹುದು.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗಾಗಿದೆ ನಮಗೆ. ಕಂಪ್ಯೂಟರಿನಲ್ಲಿ ಭಾರತೀಯ ಭಾಷೆಗಳನ್ನು ತರುವ ದೊಡ್ಡ ಕೆಲಸ ನಡೆದದ್ದು ಇದೇ ಪುಣೆಯಲ್ಲಿ. 1988ರಲ್ಲಿ ಇಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ 'ಜಿಸ್ಟ್' ತಂತ್ರಜ್ಞಾನವನ್ನು ಬೆಳೆಸಿತು. 'ಶ್ರೀ-ಲಿಪಿ'ಯೂ ಪುಣೆಯದೇ. 1998ರಲ್ಲಿ 'ಬರಹ' ಬಂದ ಮೇಲೆ ಮನೆಮನೆಯಲ್ಲೂ ಕನ್ನಡ ಟೈಪಿಂಗ್ ಸುಲಭವಾಯಿತು.

ಈಗ ಮಾಡಬೇಕಾದ್ದು ಇಷ್ಟು. ಯುಎಸ್‌ಬಿ ಡ್ರೈವ್ ಓದುವುದು ಮೂರೂವರೆ ಇಂಚಿನ ಫ್ಲಾಪಿಯನ್ನು ಮಾತ್ರ. ಮೊದಲು ಅದರ ಲೋಹದ ಮುಚ್ಚಳ ಸರಿಸಿ ನೋಡಿ. ಪುಣೆಯ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದಿದ್ದರೆ ಒಳಗೆ ಹಾಕಬೇಡಿ, ಡ್ರೈವಿನ ಹೆಡ್ಡೂ ಹಾಳಾಗುತ್ತದೆ. ಮೂಲೆಯ ಚಿಕ್ಕ ಗುಂಡಿಯನ್ನು ಸರಿಸಿ ಕಿಂಡಿ ತೆರೆದಿಡಿ. ಆಗ ಹಳೆಯದು ಅಳಿಸಿಹೋಗುವ ಭಯವಿಲ್ಲ. "ಫಾರ್ಮ್ಯಾಟ್ ಮಾಡಲೇ?" ಎಂದು ಕಂಪ್ಯೂಟರ್ ಕೇಳಿದರೆ ಖಂಡಿತ ಬೇಡವೆನ್ನಿ. ಫೈಲುಗಳನ್ನೆಲ್ಲ ಮೊದಲು ನಕಲು ಮಾಡಿಕೊಂಡು, ಆಮೇಲೆ ತೆರೆಯಿರಿ. ಪ್ರತಿ ಮನೆಗೂ ಡ್ರೈವ್ ಬೇಕಿಲ್ಲ. ಇಡೀ ಸೊಸೈಟಿಗೆ ಒಂದಿದ್ದರೆ ಸಾಕು.

ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡರೆ ಗಾಬರಿ ಬೇಡ. ಹಳೆಯ ಫಾಂಟುಗಳ ಸಂಕೇತಗಳೇ ಬೇರೆ. ಅವನ್ನು ಯೂನಿಕೋಡ್‌ಗೆ ತರುವ ಪರಿವರ್ತಕಗಳಿವೆ. ಆದರೂ ಒತ್ತಕ್ಷರ, ಅರ್ಕಾವೊತ್ತುಗಳು ಅಲ್ಲಲ್ಲಿ ತಪ್ಪುತ್ತವೆ. ಅದನ್ನು ತಿದ್ದಲು ಕನ್ನಡ ಓದಬಲ್ಲ ಹಿರಿಯರು ಪಕ್ಕದಲ್ಲಿರಬೇಕು.

ನಿಮ್ಮಲ್ಲಿ ಅನೇಕರು ಮನೆಯಲ್ಲಿ ಕನ್ನಡ ಆಡಿದರೂ ಓದುವುದು ದೇವನಾಗರಿಯನ್ನೇ. ಅದಕ್ಕೂ ದಾರಿಯಿದೆ. ಯೂನಿಕೋಡ್‌ನಲ್ಲಿ ಎರಡೂ ಲಿಪಿಗಳ ಅಕ್ಷರಗಳನ್ನು ಒಂದೇ ಕ್ರಮದಲ್ಲಿ ಜೋಡಿಸಿದ್ದಾರೆ. ಆದ್ದರಿಂದ ಕನ್ನಡ ಬರಹವನ್ನು ದೇವನಾಗರಿಗೆ ಬದಲಿಸುವುದು ಕಷ್ಟವಲ್ಲ. ಆದರೆ 'ಎ'-'ಏ', 'ಒ'-'ಓ' ಭೇದ ಮರಾಠಿ ಬರವಣಿಗೆಯಲ್ಲಿಲ್ಲ. 'ಕೆರೆ' ಎಲ್ಲಿ, 'ಕೇರೆ' ಎಲ್ಲಿ ಎಂದು ಅಜ್ಜಿಯನ್ನೇ ಕೇಳಬೇಕು. ಕೇಳುತ್ತ ಕೇಳುತ್ತ ಕನ್ನಡ ಅಕ್ಷರವೂ ಕಣ್ಣಿಗೆ ಒಗ್ಗುತ್ತದೆ.

ಕಂಪ್ಯೂಟರ್ ವಿದ್ಯೆ ನಿಮ್ಮಲ್ಲಿದೆ, ಭಾಷೆ ನಮ್ಮಲ್ಲಿದೆ. ಒಂದು ಕೈಯಿಂದ ಚಪ್ಪಾಳೆಯಾಗದು. ಫ್ಲಾಪಿಯ ಮೇಲಿನ ಕಾಂತದ ಲೇಪ ವರ್ಷದಿಂದ ವರ್ಷಕ್ಕೆ ಸವೆಯುತ್ತಿದೆ. ಅದನ್ನು ಟೈಪು ಮಾಡಿದವರಿಗೂ ವಯಸ್ಸಾಗುತ್ತಿದೆ. ಬರುವ ಭಾನುವಾರವೇ ಡಬ್ಬಿ ತೆರೆಯಿರಿ, ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.