ಏಳು ಅಡಿಯ ಉಸಿರು

ನೀರಿನಾಳದಲ್ಲಿ ಜೊತೆಗಾರನ ಗಾಳಿ ಮುಗಿದರೆ ತನ್ನದನ್ನು ಹಂಚಿಕೊಳ್ಳುವುದು ಮುಳುಗುಗಾರನ ಧರ್ಮ. ಆದರೆ ಮನಸ್ಸು ದೊಡ್ಡದಿದ್ದರೆ ಸಾಲದು, ಕೊಳವೆಯೂ ಉದ್ದವಿರಬೇಕು!

ಬೆನ್ನಿನ ಸಿಲಿಂಡರಿನಿಂದ ಬಾಯಿಗೆ ಗಾಳಿ ತರುವ ಸಾಮಾನ್ಯ ರಬ್ಬರ್ ಕೊಳವೆ ಸುಮಾರು 2.5 ಅಡಿ, ಹಂಚಲೆಂದೇ ಇರುವ ಎರಡನೆಯದು 3 ಅಡಿಗೆ ತುಸು ಹೆಚ್ಚು. ತೆರೆದ ಕಡಲಿನಲ್ಲಿ ಇಬ್ಬರೂ ಎದುರುಬದುರಾಗಿ ಮೇಲೇರಲು ಇಷ್ಟು ಸಾಕು. ಅಮೆರಿಕದ ಫ್ಲೋರಿಡಾದ ಜಲಗುಹೆಗಳಲ್ಲಿ ಹಾಗಲ್ಲ. ತಲೆಯ ಮೇಲೆ ಬಂಡೆ; ಇಕ್ಕಟ್ಟಿನೆಡೆಗಳಲ್ಲಿ ಒಬ್ಬರ ಹಿಂದೊಬ್ಬರು ಈಜಿಯೇ ಹೊರಬರಬೇಕು. ಆದ್ದರಿಂದ ಅಲ್ಲಿಯವರು 7 ಅಡಿಯ ಕೊಳವೆಯನ್ನು ಆರಿಸಿಕೊಂಡರು. ಅದನ್ನು ಎದೆಯ ಮೇಲಿಂದ ಕೊರಳ ಹಿಂದೆ ಬಳಸಿ, ಅದರಿಂದಲೇ ಉಸಿರಾಡುತ್ತಾರೆ. ಆಪತ್ತಿನಲ್ಲಿ ಅದನ್ನೇ ಗೆಳೆಯನಿಗಿತ್ತು, ಕೊರಳಲ್ಲಿ ತೂಗುವ ಇನ್ನೊಂದು ರೆಗ್ಯುಲೇಟರನ್ನು ತಾವು ಬಾಯಿಗಿಟ್ಟುಕೊಳ್ಳುತ್ತಾರೆ. ಕೊಡುವ ಗಾಳಿ ಸರಿಯಾಗಿದೆಯೆಂಬುದಕ್ಕೆ ಆಗತಾನೆ ತಾವೆಳೆದ ಉಸಿರಿಗಿಂತ ಬೇರೆ ಸಾಕ್ಷಿ ಬೇಕೆ?